ಎಸ್‌ಟಿಎಸ್‌ಗೂ ಪಿಜಿ ಸೀಟಿಗೂ ನಂಟಿಲ್ಲ: ಸ್ಪಷ್ಟನೆ

‘ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಎಸ್‌ಟಿಎಸ್ (ಅಲ್ಪಾವಧಿ ಸಂಶೋಧನೆಗೆ ಕೊಡುವ ವಿದ್ಯಾರ್ಥಿವೇತನ) ಸಿಕ್ಕರೆ ಪಿಜಿ (ಸ್ನಾತಕೋತ್ತರ) ಸೀಟಿಗೆ ಹೆಚ್ಚುವರಿ ಅಂಕ, ಆದರೆ ದೊಡ್ಡ ಸಂಶೋಧನಾ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಮಾತ್ರ’ ಎಂಬ ಸಂದೇಶ ವೈದ್ಯಕೀಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಪಿಜಿ ಪ್ರವೇಶ ನಡೆಯುವುದು ನೀಟ್ ಪಿಜಿಯಂಥ ಪ್ರವೇಶ ಪರೀಕ್ಷೆಯ ರ‍್ಯಾಂಕಿನ ಮೇಲೆ. ಎಸ್‌ಟಿಎಸ್ ಪ್ರಮಾಣಪತ್ರ ಅಲ್ಲಿ ಒಂದಂಕವನ್ನೂ ತರುವುದಿಲ್ಲ.

ಇನ್ನು ಎರಡನೆಯದು. 1979ರಲ್ಲಿ ಆರಂಭವಾದ ಈ ಯೋಜನೆ ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನೆಯ ರುಚಿ ಹತ್ತಿಸಲೆಂದೇ ಇರುವುದು. ನಿಮ್ಮದೇ ಕಾಲೇಜಿನ ಅಧ್ಯಾಪಕರೊಬ್ಬರು ಮಾರ್ಗದರ್ಶಕರಾದರೆ ಸಾಕು, ಕೆಲಸವೂ ಅಲ್ಲಿಯೇ. ಬಯೋಕೆಮಿಸ್ಟ್ರಿ ವಿಭಾಗದ ಒಂದು ಸೆಂಟ್ರಿಫ್ಯೂಜ್ (ಮಾದರಿಯನ್ನು ವೇಗವಾಗಿ ತಿರುಗಿಸಿ ಬೇರ್ಪಡಿಸುವ ಯಂತ್ರ), ಒಂದು ಪಿಪೆಟ್ (ದ್ರವ ಅಳೆಯುವ ನಳಿಕೆ), ಒಂದು ಸಣ್ಣ ಪ್ರಶ್ನೆ ಇದ್ದರೂ ಒಳ್ಳೆಯ ಅಧ್ಯಯನವಾಗುತ್ತದೆ. ಪಾಠಪುಸ್ತಕ ಕೈಗೆ ಕಲಿಸದ್ದನ್ನು ಅದು ಕಲಿಸುತ್ತದೆ: ರಕ್ತ ತೆಗೆಯುವಾಗ ಕೆಂಪುಕಣಗಳು ಒಡೆದು ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಕೆಂಪಾಗಿದ್ದರೆ ಪೊಟ್ಯಾಸಿಯಂ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಆ ಮಾದರಿಯನ್ನು ಬದಿಗಿಡಬೇಕು, ಅಂಕಿ ಎಷ್ಟೇ ಆಕರ್ಷಕವಾಗಿದ್ದರೂ!

ನಿಜವಾದ ತೊಡಕು ಬೇರೆ ಕಡೆಯಿದೆ. ರೋಗಿಗಳ ಮಾದರಿ ಬಳಸುವುದಾದರೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಆ ಸಭೆ ನಿಮ್ಮ ಅವಸರಕ್ಕೆ ಸೇರುವುದಿಲ್ಲ. ಪ್ರಸ್ತಾವ ಆಯ್ಕೆಯಾದ ಮಾತ್ರಕ್ಕೆ ಹಣವೂ ಕೈಗೆ ಬರುವುದಿಲ್ಲ. ಅಂತಿಮ ವರದಿ ಒಪ್ಪಿಗೆಯಾದ ಮೇಲಷ್ಟೇ ವಿದ್ಯಾರ್ಥಿವೇತನ ಮತ್ತು ಪ್ರಮಾಣಪತ್ರ. ‘ವರದಿ ಬರೆದುಕೊಡುತ್ತೇವೆ’ ಎನ್ನುವವರಿಗೆ ದುಡ್ಡು ಕೊಡಬೇಡಿ. ಅರ್ಜಿಯ ದಿನಾಂಕಕ್ಕೆ ಐಸಿಎಂಆರ್ ಪ್ರಕಟಣೆಯನ್ನೇ ನೋಡಿ.