ಹ್ಯೂಗೋ ಚಾವೆಜ್ ವೆನೆಜುವೆಲಾದ ಬಡವರಿಗೆ ನಿಜವಾಗ್ಲೂ ಒಳ್ಳೇದು ಮಾಡಿದ್ರಾ?

ಪರ

1999ರಿಂದ 2013ರವರೆಗೆ ವೆನೆಜುವೆಲಾದ ಅಧ್ಯಕ್ಷರಾಗಿದ್ದ ಚಾವೆಜ್‌ನ ಬೈಯೋರು ಮೊದಲು 1989ರ ಫೆಬ್ರವರಿನ ನೆನಪು ಮಾಡ್ಕೋಬೇಕು. ಬಸ್ ಚಾರ್ಜ್ ಏರ್ತು ಅಂತ ರಾಜಧಾನಿ ಕರಾಕಸ್‌ನಲ್ಲಿ ಬೀದಿಗಿಳಿದ ಜನರ ಮೇಲೆ ಸೈನ್ಯ ಗುಂಡು ಹಾರಿಸ್ತು, ನೂರಾರು ಜನ ಸತ್ರು, ಅದೂ ನೆಲದಡಿ ಅಷ್ಟೊಂದು ಎಣ್ಣೆ ಇಟ್ಕೊಂಡಿರೋ ದೇಶದಲ್ಲಿ! ಆ ಸಿಟ್ಟೇ 1998ರ ಅಧ್ಯಕ್ಷ ಚುನಾವಣೇಲಿ ಚಾವೆಜ್‌ಗೆ 56% ವೋಟಾಗಿ ಬಿದ್ದಿದ್ದು. ಗೆದ್ದವರು ಯಾರು? ಚಿಕ್ಕೋರಿದ್ದಾಗ ಅಜ್ಜಿ ಮಾಡಿಕೊಟ್ಟ ಪಪ್ಪಾಯಿ ಮಿಠಾಯಿನ ಬೀದೀಲಿ ಮಾರ್ತಿದ್ದ ಹಳ್ಳಿ ಹುಡುಗ.

2003ರಿಂದ ಗುಡ್ಡದ ಮೇಲಿನ ಸ್ಲಮ್‌ಗಳಲ್ಲಿ ಎಂಟು ಮೂಲೆಯ ಪುಟ್ಟ ಇಟ್ಟಿಗೆ ಕ್ಲಿನಿಕ್‌ಗಳು ಎದ್ವು, ಕೆಳಗೆ ರೋಗಿಗಳನ್ನ ನೋಡೋ ರೂಮು, ಮೇಲೆ ಕ್ಯೂಬಾದಿಂದ ಬಂದ ಡಾಕ್ಟರ್ ವಾಸ. ಅಲ್ಲಿವರೆಗೂ ಡಾಕ್ಟರ್ ಮುಖಾನೇ ಕಾಣದ ಓಣಿಗಳವು, ಈಗ ಮಗುಗೆ ಜ್ವರ ಬಂದ್ರೆ ನಾಲ್ಕು ಮನೆ ಆಚೆ ಹೋದ್ರೆ ಸಾಕಾಗ್ತಿತ್ತು. 1999ರಲ್ಲಿ ಹತ್ರಹತ್ರ ಅರ್ಧ ಜನ ಬಡವರು, 2011ರ ಹೊತ್ತಿಗೆ ಅದು ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಆಯ್ತು. ಈ ಕ್ಲಿನಿಕ್‌ಗಳು ಬರೋಕೂ ಮುಂಚೆ, 2002ರ ಏಪ್ರಿಲ್‌ನಲ್ಲಿ ಸೇನಾಧಿಕಾರಿಗಳು ದಂಗೆ ಎದ್ದು ಚಾವೆಜ್‌ರನ್ನ ಇಳಿಸಿದಾಗ ಇದೇ ಗುಡ್ಡದ ಜನ ಅರಮನೆ ಮುಂದೆ ಬಂದು ನಿಂತ್ರು, ಎರಡೇ ದಿನದಲ್ಲಿ ಅವರು ವಾಪಸ್ ಕುರ್ಚಿಗೆ ಬಂದ್ರು. ಪುಕ್ಕಟೆ ಅಕ್ಕಿಗೋಸ್ಕರ ಯಾರೂ ಬಂದೂಕಿನ ಎದುರು ನಿಲ್ಲಲ್ಲ ಸ್ವಾಮಿ, ಮೊದಲನೇ ಸಲ ನಮ್ಮನ್ನೂ ಮನುಷ್ಯರು ಅಂತ ಒಬ್ಬ ನೋಡಿದ ಅನ್ನೋ ಭಾವನೆ ಅದು.

ವಿರೋಧ

ಕ್ಲಿನಿಕ್ ಕಟ್ಟಿದ್ದು ಸುಳ್ಳಲ್ಲ. ಆದ್ರೆ ದುಡ್ಡು ಎಲ್ಲಿಂದ ಬಂತು? ಅವರು ಬಂದಾಗ ಬ್ಯಾರೆಲ್‌ಗೆ ಸುಮಾರು 10 ಡಾಲರ್ ಇದ್ದ ಎಣ್ಣೆ 2008ರಲ್ಲಿ 100 ದಾಟ್ತು. ಆ ಎಣ್ಣೆ ತೆಗೆಯೋ ಸರ್ಕಾರಿ ಕಂಪನಿನ ಏನ್ ಮಾಡಿದ್ರು ನೋಡಿ, ಮುಷ್ಕರ ಮಾಡಿದ್ರು ಅಂತ 2003ರಲ್ಲಿ 18,000ಕ್ಕೂ ಹೆಚ್ಚು ಜನರನ್ನ ಮನೆಗೆ ಕಳಿಸಿದ್ರು, ಅದರಲ್ಲಿ ಬಾವಿ ಬಾವಿಯ ಜಾತಕ ಗೊತ್ತಿದ್ದ ಎಂಜಿನಿಯರ್‌ಗಳೂ ಇದ್ರು. ಹಾಲು ಹಂಚೋ ಹುಮ್ಮಸ್ಸಲ್ಲಿ ಹಸುಗೆ ಮೇವು ಹಾಕೋದೇ ಮರೆತ್ರು.

2010ರಲ್ಲಿ ಕರಾಕಸ್‌ನ ಬೊಲಿವಾರ್ ಚೌಕದಲ್ಲಿ ಟಿವಿ ಕ್ಯಾಮೆರಾ ಮುಂದೆ ನಡ್ಕೊಂಡು ಹೋಗ್ತಾ ಚಾವೆಜ್, ಆ ಕಟ್ಟಡ ಏನು ಅಂತ ಕೇಳ್ತಾರೆ, ಒಡವೆ ಅಂಗಡಿಗಳಿವೆ ಅಂತಾರೆ ಪಕ್ಕದವರು, ವಶಪಡಿಸ್ಕೊಳ್ಳಿ ಅಂತಾರೆ, ಅಷ್ಟೇ! ಹಿಂಗಿದ್ರೆ ಯಾವ ರೈತ, ಯಾವ ವ್ಯಾಪಾರಿ ದುಡ್ಡು ಹಾಕ್ತಾನೆ? ಊಟದ ಸಾಮಾನು ಬಹುಪಾಲು ಹೊರಗಿಂದ ತರಿಸೋ ಹಾಗಾಯ್ತು, ಅದೇ ವರ್ಷ ಪ್ವೆರ್ತೋ ಕಬೆಯೋ ಬಂದರಿನಲ್ಲಿ ಸರ್ಕಾರ ತರಿಸಿದ ಸಾವಿರಾರು ಟನ್ ಆಹಾರ ಕಂಟೇನರ್‌ಗಳಲ್ಲೇ ಕೊಳೀತಿತ್ತು. ಇದನ್ನ ಓದಿದಾಗ ನಂಗೆ ಹೊಟ್ಟೆ ಉರಿದುಹೋಯ್ತು. ಪ್ರಶ್ನೆ ಮಾಡೋರೂ ಉಳೀಲಿಲ್ಲ, 2007ರಲ್ಲಿ ಸರ್ಕಾರನ ಟೀಕಿಸ್ತಿದ್ದ ಟಿವಿ ಚಾನೆಲ್ ಆರ್‌ಸಿಟಿವಿಯ ಲೈಸೆನ್ಸ್ ಹೋಯ್ತು, 2009ರಲ್ಲಿ ಎಷ್ಟು ಸಲ ಬೇಕಾದ್ರೂ ಅಧ್ಯಕ್ಷ ಆಗ್ಬಹುದು ಅಂತ ಸಂವಿಧಾನಾನೇ ತಿದ್ದಿದ್ರು.

2013ರಲ್ಲಿ ಚಾವೆಜ್ ತೀರಿಕೊಂಡ್ರು. ಮರುವರ್ಷವೇ ಎಣ್ಣೆ ಬೆಲೆ ಕುಸೀತು, ಅವರ ನಂತರ ಅಧ್ಯಕ್ಷರಾದ ಮಡುರೋ ಕೈಗೆ ಸಿಕ್ಕಿದ್ದು ಖಾಲಿ ಖಜಾನೆ (ಮಡುರೋ ತಪ್ಪು ಬೇಕಾದಷ್ಟಿದೆ, ಆದ್ರೆ ಬುಡ ಕೊರೆದಿದ್ದು ಅವರಲ್ಲ). ಆಮೇಲೆ 70 ಲಕ್ಷಕ್ಕೂ ಜಾಸ್ತಿ ಜನ ದೇಶ ಬಿಟ್ರು. ಮಕ್ಕಳನ್ನ ಎತ್ಕೊಂಡು ಕೊಲಂಬಿಯಾ ಗಡಿ ನಡ್ಕೊಂಡೇ ದಾಟಿದವರು ಬಂಗಲೆಯವರಲ್ಲ, ಚಾವೆಜ್‌ಗೆ ವೋಟು ಹಾಕಿದ ಬಡವರೇ.