ಹಂಚು ಬೀಳದಿದ್ದರೂ ಮಾಡಿಗೆ ಹಾನಿಯಾಗಿರಬಹುದು

ಗಾಳಿಯ ನಂತರ ಅಂಗಳದಲ್ಲಿ ಹಂಚು ಬಿದ್ದಿಲ್ಲವಾದರೆ ಮಾಡು, ಅಂದರೆ ಹಂಚಿನ ಚಾವಣಿ, ಸುರಕ್ಷಿತ ಎಂದು ಲೇಖನವೊಂದು ಹೇಳಿದ ಮಾತನ್ನು ನಾನು ಒಪ್ಪಲಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯನ್ನು ಹಾದುಹೋದಾಗ ಉಡುಪಿ ಸಮೀಪದ ನಮ್ಮ ಮನೆಯಲ್ಲಿ ಒಂದು ಹಂಚೂ ಬೀಳಲಿಲ್ಲ. ಆದರೆ ಜೂನ್ ಮಳೆಗೆ ಅಟ್ಟವೆಲ್ಲ ನೆನೆಯಿತು. ಬಿರುಗಾಳಿ ಮಾಡನ್ನು ಮೇಲಕ್ಕೆಳೆಯುವ ಬಲ ಅದರ ಅಂಚಿನಲ್ಲೂ, ಎರಡು ಇಳಿಜಾರು ಕೂಡುವ ನೆತ್ತಿಯಲ್ಲೂ ಹೆಚ್ಚಾಗಿರುವುದರಿಂದ, ರೀಪಿಗೆ (ಹಂಚು ಕೂರುವ ಮರದ ಪಟ್ಟಿಗೆ) ಸಿಕ್ಕಿಸಿದ ಮಂಗಳೂರು ಹಂಚು ಎದ್ದು, ಒಂದೆರಡು ಬೆರಳಿನಷ್ಟು ಸರಿದು ಕೂರುತ್ತದೆ, ನೆತ್ತಿಯ ಹಂಚಿನ ಗಾರೆ ಬಿರುಕು ಬಿಡುತ್ತದೆ. ಇದು ಅಂಗಳದಿಂದ ಕಾಣದು. ಹಗಲಿನಲ್ಲಿ ಅಟ್ಟ ಹತ್ತಿ, ಬೆಳಕು ಎಲ್ಲಿ ತೂರುತ್ತಿದೆ, ರೀಪಿನ ಮೇಲೆ ನೀರಿನ ಕಲೆ ಎಲ್ಲಿದೆ ಎಂದು ನೋಡಬೇಕು. ಸರಿದ ಹಂಚನ್ನು ಒಳಗಿನಿಂದಲೇ ಎತ್ತಿ ಕೂರಿಸಬಹುದು. ನೆತ್ತಿಯ ಗಾರೆಯನ್ನು ಮಾತ್ರ ಮಾಡು ಒಣಗಿದ ಮೇಲೆ ಕೆಲಸ ಬಲ್ಲವರಿಂದಲೇ ಮಾಡಿಸಬೇಕು.