ನಮ್ಮವರಿಗೆ ಹೆಬ್ಬಾಗಿಲು, ಅವರಿಗೆ ಕಿಂಡಿ

ಚಿತ್ರದುರ್ಗದ ಜಿಲ್ಲಾ ಕ್ರೀಡಾಂಗಣಕ್ಕೆ ಒನಕೆ ಓಬವ್ವನ ಹೆಸರಿದೆ. ಹೆಸರಿಗೆ ತಕ್ಕ ಹಾಗೆ ನಡೆದುಕೊಳ್ಳಬೇಕು ಎಂದು ನಮ್ಮ ಹುಡುಗರು ತೀರ್ಮಾನ ಮಾಡಿದ್ದಾರೆ. ದಾವಣಗೆರೆಯ ಫುಟ್‌ಬಾಲ್ ತಂಡವೊಂದನ್ನು ಪಂದ್ಯಕ್ಕೆ ಕರೆದಿದ್ದಾರೆ. ತಂಡದ ಹಿಂದೆ ಅದರ ಅಭಿಮಾನಿಗಳೂ ಬರುತ್ತಾರಲ್ಲ, ಅವರನ್ನು ಒಳಗೆ ಬಿಡೋದು ಹೇಗೆ? ವಾಲಂಟಿಯರ್‌ಗಳ ಮುಖ್ಯಸ್ಥನ ಹತ್ತಿರ ಉತ್ತರ ಸಿದ್ಧವಿತ್ತು. "ಒಬ್ಬೊಬ್ಬರಾಗಿ ಸಾರ್. ತಲೆ ಬಗ್ಗಿಸ್ಕೊಂಡು."

ಕೋಟೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಬಂದದ್ದೂ ಹಾಗೇ. ಆದರೆ ಅವರು ಟಿಕೆಟ್ ತಗೊಂಡು ಬಂದಿರಲಿಲ್ಲ ಅಲ್ವಾ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿಮ್ಮದು ದಾವಣಗೆರೆ ಕಡೆಯಾ ಸಾರ್?"

ಹುಡುಗನನ್ನು ಬೈದು ಪ್ರಯೋಜನವಿಲ್ಲ. ನಮ್ಮಲ್ಲಿ ಫುಟ್‌ಬಾಲ್ ಆಡುವವರಿಗಿಂತ ನಿದ್ದೆಗೆಟ್ಟು ಇಂಗ್ಲೆಂಡಿನ ಪಂದ್ಯ ನೋಡುವವರೇ ಜಾಸ್ತಿ. ನೋಡಿ ನೋಡಿ ಆಟ ಬರಲಿಲ್ಲ, ಕಾವಲು ಬಂತು. ಅಲ್ಲಿ ಹಳದಿ ಜಾಕೆಟ್ ತೊಟ್ಟು, ಮೈದಾನಕ್ಕೆ ಬೆನ್ನು ಹಾಕಿ, ಜನರ ಮುಖವನ್ನೇ ನೋಡುತ್ತಾ ನಿಂತಿರುತ್ತಾನಲ್ಲ, ಅವನೇ ಸ್ಟೀವರ್ಡ್. ಪೊಲೀಸನಲ್ಲ. ಪಂದ್ಯದ ದಿನದ ಲೆಕ್ಕದಲ್ಲಿ ಕೂಲಿ. ಕ್ಲಬ್ಬಿನ ಜಾಗ, ಕ್ಲಬ್ಬಿನ ನಿಯಮ, ಮೀರಿದವರನ್ನು ಹೊರಗೆ ಕಳಿಸಬಹುದು. ಯಾವ ಕ್ಲಬ್ಬು? ಯಾರ ಊರಲ್ಲಿ ಪಂದ್ಯವೋ ಆ ಕ್ಲಬ್ಬು. ರಗಳೆ ಶುರುವಾಗೋದೇ ಇಲ್ಲಿ.

ಎದ್ದು ನಿಲ್ಲುವ ವಿಷಯವನ್ನೇ ತಗೊಳ್ಳಿ. ಇಂಗ್ಲೆಂಡಿನ ದೊಡ್ಡ ಕ್ರೀಡಾಂಗಣಗಳಲ್ಲಿ ಎಲ್ಲರಿಗೂ ಕುರ್ಚಿ ಹಾಕಿದ್ದಾರೆ. ಆಟದುದ್ದಕ್ಕೂ ನಿಂತಿರಬಾರದು ಎಂಬ ನಿಯಮ ದಶಕಗಳಿಂದ ಇದೆ. 2022ರಿಂದೀಚೆಗೆ ಕೆಲವು ಕಡೆ ಕಂಬಿ ಹಾಕಿಸಿ, ಪರವಾನಗಿ ಕೊಟ್ಟು ನಿಲ್ಲಲು ಬಿಟ್ಟಿದ್ದಾರೆ. ಉಳಿದ ಕಡೆ ಹಳೇ ನಿಯಮವೇ. ಅಭಿಮಾನಿಗಳ ದೂರು ಏನೆಂದರೆ, ಗೋಲಿನ ಹಿಂದೆ ಸ್ಥಳೀಯರು ತೊಂಬತ್ತು ನಿಮಿಷ ನಿಂತರೆ ಅದು ವಾತಾವರಣ. ಟಿವಿಯವನು ಕ್ಯಾಮೆರಾ ತಿರುಗಿಸಿ ಹೊಗಳುತ್ತಾನೆ. ಮೂಲೆಯಲ್ಲಿ ಹೊರಗಿನವರು ನಿಂತರೆ ಅದು ಅಶಿಸ್ತು. ಸ್ಟೀವರ್ಡ್ ಮೆಟ್ಟಿಲು ಹತ್ತಿ ಬರುತ್ತಾನೆ.

ನಮ್ಮ ಮುಖ್ಯಸ್ಥ ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ಇಳಿಸಿದ್ದಾನೆ. ದಾವಣಗೆರೆಯವರು ತರುವ ಮಂಡಕ್ಕಿ ಪೊಟ್ಟಣವನ್ನು ಗೇಟಿನಲ್ಲೇ ಬಿಚ್ಚಿ ನೋಡಬೇಕು. ಮಿರ್ಚಿ ಇದ್ದರೆ ವಶಪಡಿಸಿಕೊಳ್ಳಬೇಕು, ಎಸೆಯುವ ಸಾಧ್ಯತೆ ಇದೆ.

"ನಮ್ಮವರ ಮಿರ್ಚಿ?" ಎಂದೆ.

"ಅದು ತಿಂಡಿ ಸಾರ್."

ನೀರಿನ ಬಾಟಲಿ ತಂದರೆ ಮುಚ್ಚಳ ಕಿತ್ತಿಟ್ಟುಕೊಳ್ಳಬೇಕು. ನಮ್ಮವರಿಗೆ ಮುಚ್ಚಳದ ಸಮೇತ ಒಳಗೇ ಮಾರಾಟ. ಅವರು ಡೊಳ್ಳು ತಂದರೆ ಶಬ್ದಮಾಲಿನ್ಯ. ನಮ್ಮ ಡೊಳ್ಳು ಜಾನಪದ. ಪಂದ್ಯ ಮುಗಿದ ಮೇಲೆ ಅವರನ್ನು ಮುಕ್ಕಾಲು ಗಂಟೆ ಒಳಗೇ ಕೂರಿಸಬೇಕು, ಅವರದೇ ಕ್ಷೇಮಕ್ಕಾಗಿ. ಇದೂ ಇವನ ಕಲ್ಪನೆಯಲ್ಲ. ಯುರೋಪಿನಲ್ಲಿ ಹೊರಗಿನ ಅಭಿಮಾನಿಗಳನ್ನು ಹೀಗೆ ತಡೆದಿಟ್ಟುಕೊಳ್ಳೋದು ಮಾಮೂಲು. ದಾವಣಗೆರೆಗೆ ಅರವತ್ತು ಕಿಲೋಮೀಟರ್ ದಾರಿ, ಅಷ್ಟು ಹೊತ್ತಿನ ಮೇಲೆ ಬಿಟ್ಟರೆ ಬಸ್ ಸಿಗುತ್ತಾ ಎಂದು ಕೇಳಿದೆ. ಬಸ್ಸು ಭದ್ರತಾ ಸಮಿತಿಯ ವ್ಯಾಪ್ತಿಗೆ ಬರೋದಿಲ್ಲವಂತೆ.

ಇದರಲ್ಲಿ ನನಗೆ ಅರ್ಥವಾಗದ ಗಣಿತ ಒಂದಿದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಪ್ರತಿ ತಂಡಕ್ಕೂ 38 ಪಂದ್ಯ. 19 ತವರಲ್ಲಿ, 19 ಹೊರಗೆ. ಎಲ್ಲ ಪಂದ್ಯಕ್ಕೂ ಹೋಗುವ ಅಭಿಮಾನಿಯೊಬ್ಬ ವರ್ಷಕ್ಕೆ 19 ಸಲ ಸಂಭಾವಿತ, 19 ಸಲ ಪುಂಡ. ಈ ಶನಿವಾರ ಅವನ ಬ್ಯಾಗು ಬ್ಯಾಗೇ, ಮುಂದಿನ ಶನಿವಾರ ಅದೇ ಬ್ಯಾಗಿನೊಳಗೆ ಬೆಂಕಿಪಟ್ಟಣ ಇರಬಹುದೆಂಬ ಗುಮಾನಿ. ಮನುಷ್ಯ ಬದಲಾಗಲಿಲ್ಲ, ರೈಲು ಹತ್ತಿದ ಅಷ್ಟೇ. ಟಿಕೆಟ್ ದರದಲ್ಲಾದರೂ ಅವನಿಗೆ ಒಂದು ನ್ಯಾಯ ಸಿಕ್ಕಿದೆ. 2016ರಿಂದ ಹೊರಗಿನ ಅಭಿಮಾನಿಗೆ 30 ಪೌಂಡಿಗಿಂತ ಜಾಸ್ತಿ ದರ ಹಾಕುವ ಹಾಗಿಲ್ಲ. ಗೇಟಿನಲ್ಲಿ ಎಷ್ಟು ಸಲ ಜೇಬು ತಡಕಬಹುದು ಎಂಬುದಕ್ಕೆ ಮಾತ್ರ ಅಂಥ ಮಿತಿ ಇಲ್ಲ.

ಅಲ್ಲಿ ಕೆಲವು ಕ್ಲಬ್ಬುಗಳು ತಮ್ಮ ಅಭಿಮಾನಿಗಳ ಜೊತೆ ತಮ್ಮದೇ ಸ್ಟೀವರ್ಡ್‌ಗಳನ್ನೂ ಕಳಿಸುತ್ತವೆ. ಯಾರು ಸುಮ್ನೆ ಕೂಗುವವರು, ಯಾರು ನಿಜಕ್ಕೂ ಕೈ ಎತ್ತುವವರು ಎಂದು ಅವರಿಗೆ ಗೊತ್ತಿರುತ್ತದೆ. ದಾವಣಗೆರೆಯಿಂದಲೂ ನಾಲ್ಕು ವಾಲಂಟಿಯರ್ ಕರೆಸಿಕೊಳ್ಳಿ ಎಂದು ಸಲಹೆ ಕೊಟ್ಟೆ. ಮುಖ್ಯಸ್ಥ ಬಹಳ ಹೊತ್ತು ಯೋಚಿಸಿದ. "ಅವರ ಜೇಬು ಯಾರು ಚೆಕ್ ಮಾಡ್ತಾರೆ ಸಾರ್?"

ಕಿಂಡಿಯ ಮಾತಿಗೆ ನಗು ಬರುತ್ತದೆ, ಸರಿ. ಆದರೆ 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಲಿವರ್‌ಪೂಲ್‌ನ 10,100 ಅಭಿಮಾನಿಗಳು ನಿಂತು ನೋಡುವ ಕಟ್ಟೆಗೆ ಹೋಗಲು ಇದ್ದದ್ದು ಏಳೇ ತಿರುಗು ಗೇಟು. ಹೊರಗೆ ನೂಕುನುಗ್ಗಲಾಯಿತು. ಪೊಲೀಸರು ದೊಡ್ಡ ಗೇಟು ತೆರೆಸಿದರು, ಜನ ಆಗಲೇ ತುಂಬಿದ್ದ ಆವರಣಕ್ಕೆ ನುಗ್ಗಿದರು. ಸತ್ತವರ ಸಂಖ್ಯೆ ಕೊನೆಗೆ 97ಕ್ಕೆ ಮುಟ್ಟಿತು. ತಪ್ಪು ಕುಡಿದು ಬಂದ ಅಭಿಮಾನಿಗಳದ್ದು ಎಂದು ಹೇಳಿದ್ದಾಯಿತು. ಅಭಿಮಾನಿಗಳದ್ದು ತಪ್ಪಿಲ್ಲ ಎಂದು ಜ್ಯೂರಿ ಹೇಳುವ ಹೊತ್ತಿಗೆ 2016 ಬಂದಿತ್ತು.

ಇದನ್ನು ಕೇಳಿ ನಮ್ಮ ಹುಡುಗ ಸ್ವಲ್ಪ ಮೆತ್ತಗಾದ. "ಹಾಗಾದ್ರೆ ಅವರನ್ನ ಕರೆಯೋದೇ ಬೇಡ ಬಿಡಿ ಸಾರ್. ಟೀಮ್ ಮಾತ್ರ ಬರಲಿ."

ಅದನ್ನೂ ಮಾಡಿ ನೋಡಿದ್ದಾರೆ. ಅರ್ಜೆಂಟೀನಾದಲ್ಲಿ 2013ರಲ್ಲಿ ಹೊರಗಿನ ಅಭಿಮಾನಿಗಳಿಗೆ ನಿಷೇಧ ಹಾಕಿದರು. ಒಂದೇ ತಂಡದ ಗುಂಪುಗಳು ತಮ್ಮತಮ್ಮಲ್ಲೇ ಹೊಡೆದಾಡಿಕೊಂಡವು. ಇಂಡೋನೇಷ್ಯಾದ ಮಲಾಂಗ್‌ನಲ್ಲಿ 2022ರ ಅಕ್ಟೋಬರ್ 1ರ ಪಂದ್ಯಕ್ಕೆ ಹೊರಗಿನವರನ್ನು ಬಿಟ್ಟೇ ಇರಲಿಲ್ಲ. ಎಲ್ಲರೂ ನಮ್ಮವರೇ. ತವರು ತಂಡ ಸೋತಿತು, ಜನ ಮೈದಾನಕ್ಕಿಳಿದರು, ಪೊಲೀಸರು ಅಶ್ರುವಾಯು ಹೊಡೆದರು. ಕ್ರೀಡಾಂಗಣದೊಳಗೆ ಅಶ್ರುವಾಯು ಬೇಡ ಎಂದು ಫಿಫಾ ನಿಯಮವೇ ಇದೆ. ಇಕ್ಕಟ್ಟಾದ ಬಾಗಿಲುಗಳಲ್ಲಿ ಸಿಕ್ಕಿಕೊಂಡು 135 ಜನ ಸತ್ತರು. ಬೊಟ್ಟು ಮಾಡಿ ತೋರಿಸಲು ಅಲ್ಲಿ ಪರಊರಿನ ಅಭಿಮಾನಿಗಳೇ ಇರಲಿಲ್ಲ.

ಇನ್ನು ಹೊರಗಿನವರು ಯಾರು ಎಂಬುದಾದರೂ ಇತ್ಯರ್ಥವಾಗಬೇಕಲ್ಲ. 1997ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಹರಿಹರ, ಜಗಳೂರು ಕೂಡ. ಆಗ ಹುಟ್ಟಿದವರು ನಮ್ಮ ಸ್ಟ್ಯಾಂಡಿನಲ್ಲಿ ಕೂರಬಹುದೇ? ಕೂರಬಹುದು, ಜನನ ಪ್ರಮಾಣಪತ್ರ ತಂದರೆ, ಎಂದು ಸಮಿತಿ ಒಪ್ಪಿತು. ಹರಪನಹಳ್ಳಿಯವರ ಕೇಸು ಬಂದಾಗ ಸಭೆಯೇ ನಿಂತುಹೋಯಿತು. ಆ ತಾಲ್ಲೂಕು ಮೊದಲು ಬಳ್ಳಾರಿ, ಆಮೇಲೆ ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಅವರಿಗೆ ಸದ್ಯಕ್ಕೆ ಗೇಟಿನ ಹೊರಗೆ ಶಾಮಿಯಾನ ಹಾಕಿಸುವುದೆಂದು ಠರಾವಾಗಿದೆ.

ಮುಂದಿನ ತಿಂಗಳು ನಮ್ಮ ತಂಡ ದಾವಣಗೆರೆಗೆ ಹೋಗಿ ಆಡಬೇಕು. ಮೊನ್ನೆ ಮುಖ್ಯಸ್ಥ ಒಂದು ಮನವಿ ಪತ್ರ ತಂದು ತೋರಿಸಿದ. ದುರ್ಗದ ಅಭಿಮಾನಿಗಳ ತಿಂಡಿ ಕಿತ್ತುಕೊಂಡರು, ಬಾಟಲಿ ಮುಚ್ಚಳ ತೆಗೆದರು, ಡೊಳ್ಳು ಒಳಗೆ ಬಿಡಲಿಲ್ಲ, ರಾತ್ರಿ ಕೂಡಿಹಾಕಿ ಬಸ್ ತಪ್ಪಿಸಿದರು ಎಂದು ಎರಡು ಪುಟ ತುಂಬಾ ಬರೆದಿದ್ದ. ತಾರೀಕಿನ ಜಾಗ ಖಾಲಿ ಬಿಟ್ಟಿದ್ದ.

"ಪಂದ್ಯ ಇನ್ನೂ ಆಗಿಲ್ಲವಲ್ಲೋ?"

"ರೆಡಿ ಇರಲಿ ಅಂತ ಸಾರ್. ಇಲ್ಲಿ 'ಅಮಾನವೀಯ' ಹಾಕೋದಾ, 'ಅನಾಗರಿಕ' ಹಾಕೋದಾ?"

ಎರಡೂ ಹಾಕು ಎಂದೆ.